ಅಳತೆಗೆ ಒಬ್ಬರು

“ಈ ಬಿಲ್ಡಿಂಗಿಗೆ ಲಿಫ್ಟು ಇಲ್ವಾ ಮಾರಾಯ?” ಎನ್ನುತ್ತ ವಸಂತಿ ಬಾಗಿಲ ಚೌಕಟ್ಟು ಹಿಡಿದು ನಿಂತಾಗ ಲಕ್ಷ್ಮೀಕಾಂತ ಪಾಸ್‌ಪೋರ್ಟ್ ಫೋಟೋಕ್ಕೆ ಕೂತಿದ್ದ ಹುಡುಗಿಗೆ ಗದ್ದ ಸ್ವಲ್ಪ ಎತ್ತಲು ಹೇಳುತ್ತಿದ್ದ. ದನಿ ಕೇಳಿದ್ದೇ ಕ್ಯಾಮರಾದ ಮೇಲಿದ್ದ ಅವನ ಕೈ ಹಾಗೇ ನಿಂತುಬಿಟ್ಟಿತು. ಆರು ವಾರಗಳಿಂದ ಅವನು ಹೆದರುತ್ತಿದ್ದುದು ಈ ದನಿಗೇ. ಫೋನಿನಲ್ಲಿ ಬಂದಿದ್ದರೆ ಎತ್ತದೆ ಇರಬಹುದಿತ್ತು. ಅರವತ್ತಮೂರು ವರ್ಷದ ಹೆಂಗಸು ನೋಯುವ ಮಂಡಿ ಹೊತ್ತು ಠಾಣೆ ಊರಿನಿಂದ ಸ್ಲೋ ಲೋಕಲ್ ರೈಲು ಹಿಡಿದು, ಡೊಂಬಿವಲಿಯ ಸೇತುವೆ ಹತ್ತಿಳಿದು, ಎರಡು ಮಾಳಿಗೆ ಏರಿ ಬಂದು ಬಾಗಿಲಲ್ಲಿ ನಿಂತರೆ ಏನು ಮಾಡುವುದು?

“ಬರ್ರಿ ಕಾಕು, ಬರ್ರಿ. ಕುಂದರ್ರಿ,” ಎಂದು ಸ್ಟೂಲು ಎಳೆದ. ಹುಡುಗಿಯ ಫೋಟೋ ತೆಗೆದು ಕಳಿಸುವವರೆಗೂ ವಸಂತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಗೋಡೆಯ ಮೇಲಿದ್ದ ಮದುವೆ ಜೋಡಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅಮೆರಿಕದ ಟೂರಿನಲ್ಲಿ ಅವರ ಹಣೆ ತುಂಬ ಇರುತ್ತಿದ್ದ ಕುಂಕುಮದ ಜಾಗದಲ್ಲಿ ಈಗ ಎಳ್ಳುಕಾಳಿನಷ್ಟು ಕಪ್ಪು ಬೊಟ್ಟಿತ್ತು.

“ಮೂರು ಸಲ ಫೋನು ಮಾಡಿದೆ. ನೀನು ಎತ್ಲಿಲ್ಲ.”

“ಮದುವಿ ಸೀಜನ್ ಅದರಿ ಕಾಕು. ಕಲ್ಯಾಣ, ಬದಲಾಪುರ ಅಂತ ಓಡಾಟ…”

“ಇರ್ಲಿ. ಜಗಳಕ್ಕೆ ಬಂದದ್ದಲ್ಲ ನಾನು. ಅವರ ಫೋಟೋ ಉಂಟಲ್ಲ, ಆ ಮರದ್ದು? ಅದನ್ನು ದೊಡ್ಡದು ಮಾಡಿ ಕೊಡು. ಹೋಟೆಲಿನಲ್ಲಿ ಗಲ್ಲೆಯ ಹಿಂದೆ ಹಾಕ್ಬೇಕು.”

ಠಾಣೆಯ ಕಾರ್ಖಾನೆಗಳ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ ವಸಂತಿಯ ಗಂಡ ತಾರಾನಾಥರು ಮೂವತ್ತೆಂಟು ವರ್ಷ ನಡೆಸಿದ ಹೋಟೆಲು ಅದು. ಪಕ್ಕದ ಪೇಂಟು ಫ್ಯಾಕ್ಟರಿಯವರು ಯಾವುದೋ ಕಾಲದಲ್ಲಿ ಕೊಟ್ಟ ಕ್ಯಾಲೆಂಡರೊಂದು ಹಣದ ಗಲ್ಲೆಯ ಹಿಂದೆ ನೇತಾಡುತ್ತಿತ್ತು. ಅದರಲ್ಲಿದ್ದದ್ದು ಅಮೆರಿಕದ ಸಿಕ್ವೋಯಾ ಎಂಬ ದೈತ್ಯ ಮರವೊಂದರ ಬುಡ. ತಾರೀಖುಗಳು ಮುಗಿದು, ಹಾಳೆಗಳು ಉದುರಿ, ಚಿತ್ರಕ್ಕೆ ಒಗ್ಗರಣೆಯ ಜಿಡ್ಡು ಹತ್ತಿದರೂ ತಾರಾನಾಥರು ತೆಗೆಯಲಿಲ್ಲ. ಇಡ್ಲಿ ತಿನ್ನಲು ಬಂದ ಕಾರ್ಮಿಕರು “ಇದು ಖರೇನ ಗಿಡಾ ಏನ್ರಿ ಶೇಠ?” ಎಂದು ಕೇಳುತ್ತಿದ್ದರು. “ಎರಡು ಸಾವಿರ ವರ್ಷದ್ದು ಮಾರಾಯ, ಸುಳ್ಳಲ್ಲ,” ಎಂದು ಅವರು ಚಿಲ್ಲರೆ ಕೊಡುವುದನ್ನೂ ಮರೆತು ವಿವರಿಸುತ್ತಿದ್ದರು. ಘಣಸೋಲಿಯಲ್ಲಿರುವ ಮಗಳು ಶ್ರೀಪ್ರಿಯಾ ಕೊನೆಗೆ ಹಟ ಹಿಡಿದು ಇಬ್ಬರ ಹೆಸರನ್ನೂ ಹಿರಿಯರ ಅಮೆರಿಕ ಟೂರಿಗೆ ಬರೆಸಿದಳು.

ಆ ಟೂರಿಗೆ ಫೋಟೋ ತೆಗೆಯಲು ಗೊತ್ತಾದವನು ಲಕ್ಷ್ಮೀಕಾಂತ. ಕಲಬುರಗಿಯಿಂದ ಸಿಮೆಂಟು ಕಲಸಲು ಬಂದ ಬಾಲಪ್ಪನ ಮಗ, ಮುಂಬ್ರಾದ ಗುಡ್ಡದ ಮೇಲಿನ ಒಂದು ಕೋಣೆಯಲ್ಲಿ ಬೆಳೆದವನು, ಅದಕ್ಕೆ ಮೊದಲು ವಿಮಾನವನ್ನು ಕೆಳಗಿನಿಂದಷ್ಟೇ ನೋಡಿದವನು. ಇಪ್ಪತ್ತೆಂಟು ಜನರ ತಂಡದಲ್ಲಿ ಉಳಿದವರೆಲ್ಲ ಮರಾಠಿಯವರು; ಕನ್ನಡದವರು ಈ ಗಂಡ-ಹೆಂಡತಿ ಇಬ್ಬರೇ. ಅವನ ಮಾತಿನ ಜಾಡು ಹಿಡಿದು ತಾರಾನಾಥರೇ ವಿಮಾನದಲ್ಲಿ ಎದ್ದು ಬಂದು ಪಕ್ಕದಲ್ಲಿ ಕೂತಿದ್ದರು. ಅಮೆರಿಕದ ಹೋಟೆಲುಗಳಲ್ಲಿ ಅವನಿಗೆ ಏನೂ ಸೇರದಾದಾಗ ವಸಂತಿ ಚೀಲದಿಂದ ಅವಲಕ್ಕಿಯನ್ನೂ ಮಿಡಿ ಉಪ್ಪಿನಕಾಯಿಯನ್ನೂ ತೆಗೆದು ಬಡಿಸಿದ್ದರು. ತಾರಾನಾಥರದು ಒಂದೇ ಬೇಡಿಕೆ. “ಕ್ಯಾಲೆಂಡರಿನವ ಬರೀ ಬುಡ ತೆಗ್ದಿದ್ದಾನೆ. ನಂಗೆ ಬುಡದಿಂದ ತುದಿವರೆಗೆ ಪೂರ್ತಿ ಮರ ಬೇಕು. ಅರ್ಧ ಬೇಡ. ಆಗ್ತದಾ ನಿನ್ನಿಂದ?”

“ಆಗ್ತದರಿ ಕಾಕಾ,” ಎಂದಿದ್ದ ಲಕ್ಷ್ಮೀಕಾಂತ, ಮರ ಹೇಗಿರುತ್ತದೆಂದು ತಿಳಿಯದೆ.

ಕಾಡಿನೊಳಗೆ ಕಾಲಿಟ್ಟಾಗ ಅವನಿಗೆ ಮೊದಲು ಗೊತ್ತಾದದ್ದು ಮರಗಳ ಎತ್ತರವಲ್ಲ, ಸದ್ದು ಇಲ್ಲದಿರುವುದು. ಹುಟ್ಟಿದಾಗಿನಿಂದ ರೈಲಿನ ಸದ್ದಿನಲ್ಲೇ ಮಲಗಿ ಎದ್ದ ಅವನಿಗೆ ಕಿವಿ ಮುಚ್ಚಿಹೋದಂತಾಯಿತು. ಕೆಂಪು ಕಾಂಡಗಳು ಒಂದೊಂದೂ ಒಂದೊಂದು ಮನೆಯಷ್ಟು ಅಗಲವಾಗಿ ನಿಂತಿದ್ದವು. ಕೆಲವಕ್ಕೆ ಬುಡದಲ್ಲಿ ಎಂದೋ ಬೆಂಕಿ ತಿಂದ ಕಪ್ಪು ಪೊಟರೆ. ಅದರೊಳಗೆ ಮುಂಬ್ರಾದ ಅವನ ಮನೆ ಪಾತ್ರೆ ಪಗಡೆ ಸಹಿತ ಹಿಡಿಸುತ್ತಿತ್ತು. ತಾರಾನಾಥರು ತೊಗಟೆಗೆ ಮುಷ್ಟಿ ಒತ್ತಿ ನೋಡಿ, “ಮೆತ್ತಗುಂಟು! ತೆಂಗಿನ ನಾರಿನ ಹಾಗೆ!” ಎಂದು ಮಕ್ಕಳಂತೆ ನಕ್ಕರು. ವಸಂತಿ ಮಂಡಿ ನೋವೆಂದು ಬಸ್ಸಿನಲ್ಲೇ ಉಳಿದಿದ್ದರು. ಉಳಿದವರು ಗೈಡಿನ ಬೆನ್ನಿಗೆ ಮುಂದೆ ಸಾಗಿದರು.

ಇಡೀ ಮರ ಯಾವ ಲೆನ್ಸಿಗೂ ಸಿಗಲಿಲ್ಲ. ಲಕ್ಷ್ಮೀಕಾಂತ ಹಿಂದೆ ಹಿಂದೆ ಸರಿದು, ಹುಲ್ಲುಗಾವಲಿನ ಆಚೆ ದಂಡೆಗೆ ಹೋಗಿ ಟ್ರೈಪಾಡ್ ಊರಿದ. ಬುಡದಿಂದ ತುದಿಯವರೆಗೆ ಹನ್ನೊಂದು ತುಂಡುಗಳಾಗಿ ತೆಗೆದು ಆಮೇಲೆ ಜೋಡಿಸಬೇಕು. ಆದರೆ ಪಕ್ಕದಲ್ಲಿ ಮನುಷ್ಯನೊಬ್ಬ ಇಲ್ಲದಿದ್ದರೆ ಅದು ಯಾವುದೋ ಸಾಧಾರಣ ಮರವೇ. ಹಾಗಾಗಿ ಹೊರಡುವ ಮೊದಲೇ ಹೇಳಿದ್ದ: “ಅಳತಿಗೆ ನೀವು ಬುಡಕ ನಿಂದರ್ರಿ ಕಾಕಾ. ನಾ ಹೇಳೂತನಕ ಅಲುಗಾಡಬ್ಯಾಡ್ರಿ. ಎರಡ ನಿಮಿಷ.”

ತಾರಾನಾಥರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಧ್ವಜವಂದನೆಗೆ ನಿಂತವರಂತೆ ನಿಂತರು.

ಆಮೇಲೆ ನಡೆದದ್ದನ್ನು ಎಲ್ಲರೂ ಒಂದೇ ರೀತಿ ಹೇಳುತ್ತಿದ್ದರು. ತಾರಾನಾಥರಿಗೆ ಹೃದಯಾಘಾತವಾಯಿತು, ಫೋಟೋಗ್ರಾಫರ್ ಓಡಿಬಂದು ಎದೆ ಒತ್ತಿದ, ಆ ಬೆಟ್ಟದಲ್ಲಿ ಫೋನು ಹತ್ತದೆ ಆಂಬುಲೆನ್ಸಿಗೆ ಐವತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ‘ಪುಣ್ಯವಂತರ ಸಾವು, ಋಷಿಯ ಹಾಗೆ ಮರದ ಬುಡದಲ್ಲಿ ಹೋದರು’ ಎಂದು ತಂಡದವರು ಬಸ್ಸಿನಲ್ಲಿ ಕಣ್ಣೊರೆಸಿಕೊಂಡರು. ಒಂಬತ್ತು ದಿನಗಳ ಮೇಲೆ ದೇಹ ಬಂದಾಗ ಶ್ರೀಪ್ರಿಯಾ ಏರ್‌ಪೋರ್ಟಿನಲ್ಲಿ ಅವನಿಗೆ ಕೈಮುಗಿದಿದ್ದಳು. ಆ ಮುಗಿದ ಕೈಗಳು ಅವನನ್ನು ಅಂದಿನಿಂದ ಬಿಟ್ಟಿರಲಿಲ್ಲ.

“ತೋರಿಸು,” ಎಂದರು ವಸಂತಿ ಈಗ.

ಲಕ್ಷ್ಮೀಕಾಂತ ಕಂಪ್ಯೂಟರ್ ತೆರೆದ. ಆ ಫೋಲ್ಡರನ್ನು ಅವನು ಊರಿಗೆ ಬಂದಮೇಲೆ ತೆರೆದದ್ದು ಒಂದೇ ಸಲ. ಮೊದಲ ಸುತ್ತಿನ ಹನ್ನೊಂದು ತುಂಡುಗಳನ್ನು ಜೋಡಿಸಿದ ಚಿತ್ರ ಪರದೆಯ ಮೇಲೆ ನಿಂತಿತು. ಅಷ್ಟುದ್ದದ ಮರ, ಮೇಲೆ ಮೋಡ ಸವರಿದ ತುದಿ, ಕೆಳಗೆ ಅಕ್ಕಿಕಾಳಿನಷ್ಟು ತಾರಾನಾಥರು.

ವಸಂತಿ ಕನ್ನಡಕ ಹಾಕಿಕೊಂಡು ಬಗ್ಗಿದರು. “ಮುಖ ಕಾಣೂದಿಲ್ಲ.”

ಅವನು ದೊಡ್ಡದು ಮಾಡಿದ. ಬಿಳಿ ಷರಟು ಬಂತು, ಟೋಪಿ ಬಂತು. ಇನ್ನೂ ದೊಡ್ಡದು ಮಾಡಿದಾಗ ಮುಖ ಚೌಕ ಚೌಕ ಚುಕ್ಕೆಗಳಾಗಿ ಒಡೆದುಹೋಯಿತು.

“ಇನ್ನೊಂದು ಇಲ್ವಾ? ಹತ್ತಿರದಿಂದ ತೆಗ್ದದ್ದು?”

“ಇಲ್ರಿ.”

“ದೂರದ್ದಾದ್ರೂ ಬೇರೆ?”

ಇಲ್ಲ ಎಂದುಬಿಡಬಹುದಿತ್ತು. ಆದರೆ ಪರದೆಯ ಪಕ್ಕದಲ್ಲಿ ಚಿಕ್ಕ ಚಿಕ್ಕ ಚಿತ್ರಗಳ ಸಾಲು ಕಾಣುತ್ತಿತ್ತು, ಮೂವತ್ತೆಂಟು ವರ್ಷ ಗಲ್ಲೆಯ ಮುಂದೆ ಯಾವ ಟೇಬಲ್ಲಿಗೆ ಏನು ಹೋಯಿತೆಂದು ನೋಡಿದ ಹೆಂಗಸು ಅದನ್ನು ನೋಡುತ್ತಿದ್ದರು. ಲಕ್ಷ್ಮೀಕಾಂತ ಮೌಸಿನಿಂದ ಕೈ ತೆಗೆದ.

“ಮೂರು ಸುತ್ತು ತೆಗೆದಿದ್ದೆರಿ ಕಾಕು,” ಎಂದ. “ತುದಿಗೆ ಮೋಡ ಇತ್ತು. ಬಿಸಲು ಬರ್ಲಿ ಅಂತ ಕಾದೆ. ಎರಡ ನಿಮಿಷ ಅಂದಿದ್ದೆ, ಹದಿನಾಲ್ಕು ನಿಮಿಷ ಆತು. ಹನ್ನೊಂದು ಇಪ್ಪತ್ತಕ್ಕ ಕಾಕಾ ಛಲೋ ನಿಂತಾರ. ಇಪ್ಪತ್ತೇಳಕ್ಕ…” ಅವನು ಆ ಸಾಲಿನ ಒಂದು ಚಿತ್ರದ ಮೇಲೆ ಬೆರಳಿಟ್ಟ. “ಇಪ್ಪತ್ತೇಳಕ್ಕ ಕೈ ಎತ್ಯಾರ್ರಿ.”

“ಕೈ?”

“ನಾ ನೋಡಿದೆರಿ. ಇನ್ನ ಆಗ್ಲಿಲ್ಲೇನು ಅಂತ ಕೇಳ್ಲಿಕತ್ತಾರ ಅಂದ್ಕೊಂಡೆ. ನಾ ಇಲ್ಲಿಂದ ಹಿಂಗ ಅಂದೆ.” ಅವನು ಅಂಗೈ ಮುಂದೆ ಮಾಡಿ ತೋರಿಸಿದ. ತಡೀರಿ, ಎನ್ನುವ ಕೈ. “ಅವರು ತಡದ್ರು. ಆಮ್ಯಾಗ ನಾ ಕೆಳಗ ನೋಡ್ಲೇ ಇಲ್ರಿ. ತುದಿಗೇ ನೋಡಕೋತ ನಿಂತೆ. ಬಿಸಲು ಬಂತು. ಫೋಟೋ ಛಂದ ಬಂದದರಿ. ಯಾರೋ ಒಬ್ಬಾಕಿ ಓಡಿ ಹೋಗೂದು ಕಂಡಾಗ ನನಗ…”

ಹೊರಗೆ ಕಲ್ಯಾಣದ ಕಡೆಗೆ ಫಾಸ್ಟ್ ಲೋಕಲ್ ಹಾದುಹೋಯಿತು.

“ಬೈರಿ ಕಾಕು. ಹೊಡೀರಿ. ನಿಮ್ಮ ಮಗಳಿಗೆ ಹೇಳ್ರಿ. ನನಗ ನಿದ್ದಿ ಇಲ್ರಿ.”

“ಆ ಕೈ ಎತ್ತಿದ್ದು ತೋರಿಸು.”

ತೋರಿಸಿದ. ವಸಂತಿ ಬಹಳ ಹೊತ್ತು ನೋಡಿದರು. ಪರದೆಗೆ ಎಷ್ಟು ಹತ್ತಿರ ಬಗ್ಗಿದ್ದರೆಂದರೆ ಅವರ ಉಸಿರು ಗಾಜಿನ ಮೇಲೆ ಮಂಜಾಗಿ ಮೂಡಿ ಆರುತ್ತಿತ್ತು.

“ಬಲಗೈ,” ಎಂದರು. “ಎರಡು ವರ್ಷದಿಂದ ಆ ಕೈ ಭುಜದಿಂದ ಮೇಲೆ ಹೋಗ್ತಿರ್ಲಿಲ್ಲ ಅವರಿಗೆ. ತಲೆ ಬಾಚೂದೂ ಎಡಗೈಯಲ್ಲಿ.”

ಲಕ್ಷ್ಮೀಕಾಂತ ತಲೆ ತಗ್ಗಿಸಿದ. ಇದಕ್ಕಿಂತ ಒಂದು ಏಟು ಕೊಟ್ಟಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನಿಸಿತು.

ವಸಂತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮುಂದಿನದನ್ನು ಅವನಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯುವಂತಿರಲಿಲ್ಲ. “ಬೆಳಿಗ್ಗೆ ರೂಮಿನಲ್ಲಿ ಹೇಳಿದ್ರು, ಎದೆ ಒಂಥರಾ ಉರೀತದೆ ಅಂತ. ನಾನು ಒಂದು ಗ್ಯಾಸಿನ ಮಾತ್ರೆ ಕೊಟ್ಟೆ. ‘ಇಷ್ಟು ದೂರ ಬಂದು ಈಗ ರಗಳೆ ಮಾಡ್ಬೇಡಿ, ಬಸ್ಸು ಕಾಯ್ತಾ ಉಂಟು, ಜನ ಎಂತ ಹೇಳಿಯಾರು’ ಅಂದೆ. ಸುಮ್ಮನಾದ್ರು. ಅವರಿಗೆ ಯಾರಾದ್ರೂ ಹೀಗೆ ಹೇಳಿದ್ರೆ ಸುಮ್ಮನಾಗ್ತಿದ್ರು. ಅದೊಂದು ಅಭ್ಯಾಸ.” ಕನ್ನಡಕದ ಕಾಲು ಮಡಚುತ್ತ, “ಮಗಳಿಗೆ ಹೇಳ್ಲಿಲ್ಲ ನಾನು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಅವಳು ಟಿಕೆಟು ತೆಗ್ದದ್ದು ತಾನು ಅಂತ ದಿನಾ ಅಳ್ತಾಳೆ. ಆಗಲೂ ಹೇಳ್ಲಿಲ್ಲ,” ಎಂದರು.

“ಬೇಗ ನೋಡಿದ್ರ ಉಳೀತಿದ್ರೇನ್ರಿ?” ಎಂದು ಅವನು ಕೇಳಿದ. ಆರು ವಾರದಿಂದ ಯಾರನ್ನಾದರೂ ಕೇಳಬೇಕೆಂದುಕೊಂಡಿದ್ದ ಪ್ರಶ್ನೆ ಅದೊಂದೇ.

“ಅಲ್ಲಿಯ ಡಾಕ್ಟ್ರ ಹತ್ತಿರ ನಾನೂ ಅದನ್ನೇ ಕೇಳಿದೆ. ಹೇಳ್ಲಿಕ್ಕೆ ಆಗೂದಿಲ್ಲ ಅಂದ. ಉಳೀತಿರ್ಲಿಲ್ಲ ಅಂತಾದ್ರೂ ಹೇಳ್ಬಹುದಿತ್ತು. ಅದನ್ನೂ ಹೇಳ್ಲಿಲ್ಲ.”

ಅವನು ಚಹಾ ತರಿಸಿದ. ಚಹಾ ಬಂತು, ಕೆನೆ ಕಟ್ಟಿತು. ಮೂರನೆಯ ಸುತ್ತಿನ ಚಿತ್ರವನ್ನು ಅವರು ಕೇಳಲಿಲ್ಲ, ಅವನು ತೋರಿಸಲಿಲ್ಲ. ಅದರಲ್ಲಿ ತುದಿಯ ಮೇಲೆ ಬಂಗಾರದಂಥ ಬಿಸಿಲಿತ್ತು, ಬುಡದಲ್ಲಿ ನಿಂತವರು ಯಾರೂ ಇರಲಿಲ್ಲ. ಬೇರಿಗೆ ಒರಗಿ ಕೂತ ಒಂದು ಬಿಳಿ ಷರಟು ಇತ್ತು.

“ಆ ಕೈಯದ್ದು ಅಳಸ್ಲೇನ್ರಿ?”

“ಅಳಿಸು,” ಎಂದರು ವಸಂತಿ. ಅವನು ಮೌಸಿನ ಮೇಲೆ ಬೆರಳಿಟ್ಟಾಗ ಅವನ ಮಣಿಕಟ್ಟು ಹಿಡಿದರು. “ಬೇಡ. ಅಳಿಸ್ಬೇಡ.” ಹಿಡಿದ ಕೈ ಸಡಿಲಿಸಿ, “ಎಂತ ಮಾಡೂದು ಅಂತ ನಂಗೂ ಗೊತ್ತಿಲ್ಲ ಮಾರಾಯ. ಇರ್ಲಿ ನಿನ್ನ ಹತ್ತಿರ. ಶ್ರೀಪ್ರಿಯಾಳಿಗೆ ಮಾತ್ರ ತೋರಿಸ್ಬೇಡ.”

ಮೊದಲ ಸುತ್ತಿನದೇ ಆಗಬಹುದು ಎಂದು ಅವರೇ ಹೇಳಿದರು. ಮೋಡವಿದ್ದರೆ ಇರಲಿ. ಗೋಡೆಯ ಅಳತೆಯನ್ನು ಚೀಟಿಯಲ್ಲಿ ಬರೆದು ತಂದಿದ್ದರು: ಏಳು ಅಡಿ ಉದ್ದ, ಎರಡು ಅಡಿ ಅಗಲ.

ಮರುದಿನ ಮಧ್ಯಾಹ್ನ ವಾಗ್ಳೆ ಎಸ್ಟೇಟಿನಲ್ಲಿ ಮನೀಶ ಎಂಬವನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಬ್ಬರೂ ಸೇರಿದರು. ಹೋಟೆಲಿನಿಂದ ಎರಡು ಗಲ್ಲಿ ಆಚೆ ಒಂದು ತಗಡಿನ ಶೆಡ್ಡು. ಹುಟ್ಟುಹಬ್ಬದ ಬ್ಯಾನರುಗಳು, ಕಾರ್ಪೊರೇಟರುಗಳ ನಗುಮುಖಗಳು ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿದ್ದವು. ಲಕ್ಷ್ಮೀಕಾಂತ ವಸಂತಿಗೆ ಬರಬೇಡಿ, ತಾನೇ ತಂದುಕೊಡುತ್ತೇನೆ ಎಂದಿದ್ದ. ಅವರು ಕೇಳಿರಲಿಲ್ಲ.

ಮನೀಶ ಫೈಲು ತೆರೆದು ಪರದೆಯನ್ನು ಮೇಲಿನಿಂದ ಕೆಳಗೆ ಸರಿಸಿದ. ಬುಡದ ಹತ್ತಿರ ಬಂದಾಗ ಬಾಣದ ಗುರುತನ್ನು ಅಲ್ಲಿ ನಿಲ್ಲಿಸಿದ. “ಇಧರ್ ನೀಚೇ ಏಕ್ ಸಫೇದ್ ದಾಗ್ ಹೈ. ನಿಕಾಲ್ ದೂಂ ಕ್ಯಾ?”

ಬಿಳಿ ಕಲೆ. ತೆಗೆದುಬಿಡಲೇ ಎಂದು ಕೇಳುತ್ತಿದ್ದ. ಉತ್ತರ ಕೊಟ್ಟದ್ದು ವಸಂತಿಯೇ. “ರಹನೇ ದೋ ಬೇಟಾ. ಆದ್ಮಿ ಹೈ.”

“ಅಚ್ಛಾ,” ಎಂದು ಅವನು ಆ ಮನುಷ್ಯನನ್ನು ಹಾಗೇ ಬಿಟ್ಟು ಗುಂಡಿ ಒತ್ತಿದ.

ಯಂತ್ರ ಗರಗರ ಸದ್ದು ಮಾಡುತ್ತ ತುದಿಯಿಂದ ಶುರು ಮಾಡಿತು. ಮೊದಲು ಬೂದು ಬಣ್ಣದ ಆಕಾಶ, ಆಮೇಲೆ ಮೋಡ ಹಿಡಿದ ಎಲೆ, ಆಮೇಲೆ ಸಿಡಿಲಿಗೆ ಮುರಿದ ಒಂದು ಕೊಂಬೆ. ಬೆರಳಗಲ ಬೆರಳಗಲವಾಗಿ ಕಾಗದ ಇಳಿಯತೊಡಗಿತು. ಶೆಡ್ಡಿನ ನೆಲದಲ್ಲಿ ಧೂಳಿತ್ತು. ತುದಿ ನೆಲಕ್ಕೆ ತಾಗುತ್ತದೆಂದು ವಸಂತಿ ಮಂಡಿಯ ನೋವನ್ನೂ ಮರೆತು ಬಗ್ಗಿ, ಎರಡೂ ಅಂಗೈ ಕೆಳಗೊಡ್ಡಿದರು. ಲಕ್ಷ್ಮೀಕಾಂತ ಇನ್ನೊಂದು ಅಂಚಿಗೆ ಕೈ ಕೊಟ್ಟ. ಇಬ್ಬರೂ ಅದನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದರು, ಬಾಗಿಲವರೆಗೆ. ಶಾಯಿ ಇನ್ನೂ ಹಸಿಯಿತ್ತು. ಕೆಂಪು ಕಾಂಡ ಬರುತ್ತಿತ್ತು, ಬರುತ್ತಲೇ ಇತ್ತು.