ಗಿರಿಜಾ ಬಾಬುವಿನ ಮೊರ

"ಮುಳುಗೋ ಸೂರ್ಯ ಈ ಸಲ ನಮ್ಮನ್ನ ಎಲ್ಲಿ ಅಂತ ಹುಡುಕಬೇಕು?"

ಬತಾಸೋ ಕೇಳಿದ್ದು ಯಾರನ್ನೂ ಅಲ್ಲ. ಕೆರೆಯ ದಂಡೆಯ ಮೇಲೆ ಅವಳೊಬ್ಬಳೇ ಇದ್ದಳು. ಒಂದು ಕೈಯಲ್ಲಿ ಸುಣ್ಣದ ಕುಡಿಕೆ, ಇನ್ನೊಂದರಲ್ಲಿ ಗುದ್ದಲಿ. ಮುಳುಗುವ ಸೂರ್ಯನಿಗೂ ಹುಟ್ಟುವ ಸೂರ್ಯನಿಗೂ ಅರ್ಘ್ಯ ಕೊಡುವ ಛಠ್ ಹಬ್ಬ ಹತ್ತಿರ ಬಂತೆಂದರೆ ಇಲ್ಲಿಗೆ ಬಂದು ತಮ್ಮ ಮನೆಯ ಸಿರಸೋತಕ್ಕೆ ಮಣ್ಣು ಮೆತ್ತಿ ಸುಣ್ಣ ಬಳಿದು ಹೋಗುವುದು ಅವಳು ಸೊಸೆಯಾಗಿ ಈ ಊರಿಗೆ ಬಂದಂದಿನಿಂದ ಮಾಡಿಕೊಂಡು ಬಂದ ಕೆಲಸ. ಮನೆಗೊಂದರಂತೆ ನೀರಿನಂಚಿಗೆ ಸಾಲಾಗಿ ನಿಂತ, ಮೊಣಕಾಲೆತ್ತರದ ಮಣ್ಣಿನ ಗೋಪುರಗಳವು. ಛಠೀಮಾತೆ ಬಂದು ಕೂರುವ ಪೀಠಗಳು. ಇವತ್ತು ನೋಡಿದರೆ ಗೋಪುರಗಳೂ ಇಲ್ಲ, ಅಂಚೂ ಇಲ್ಲ. ರಸ್ತೆಯ ಕಡೆಯಿಂದ ತಂದು ಸುರಿದ ಹೊಸ ಮಣ್ಣು ಅರ್ಧ ಕೆರೆಯನ್ನು ನುಂಗಿ, ಉಳಿದರ್ಧದ ಮೇಲೆ ಬಾಯಿ ತೆರೆದು ಕೂತಿತ್ತು.

"ಏನ್ ದೀದಿ, ಮಣ್ಣಿನ ಗುಡ್ಡದ ಹತ್ರ ಮಾತಾಡ್ತಿದೀಯಾ? ಉತ್ತರ ಕೊಡ್ತಾ?" ಹಿಂದಿನಿಂದ ಬಂದವಳು ಪಕ್ಕದ ಮನೆಯ ಕಬೂತರಿ. ಅವಳ ಕೈಯಲ್ಲೂ ಸುಣ್ಣದ ಕುಡಿಕೆ.

"ಕೊಟ್ಟಿದ್ರೆ ಬೈತಿದ್ದೆ."

"ನೀನು ಇನ್ನೂ ಕೇಳಿಲ್ಲ ಅಂತ ಕಾಣುತ್ತೆ. ಈ ಮಣ್ಣು ಸುರಿಸಿದ ಧಣಿ ಗಿರಿಜಾ ಬಾಬು ತಮ್ಮ ಹಿತ್ತಲಲ್ಲಿ ತೊಟ್ಟಿ ಕಟ್ಟಿಸಿದಾರೆ. ನೀಲಿ ಟೈಲ್ಸು, ಬಣ್ಣದ ದೀಪ, ಸೀರೆ ಬದಲಾಯಿಸೋಕೆ ಡೇರೆ. ಊರ ಹೆಂಗಸರೆಲ್ಲ ಅಲ್ಲೇ ಬಂದು ಅರ್ಘ್ಯ ಕೊಡಬೇಕಂತೆ. ಕಾಲಿಗೆ ಕೆಸರು ಹತ್ತಲ್ಲ ಅಂತ ಮೈಕಿನಲ್ಲಿ ಕೂಗಿಸ್ತಿದಾರೆ."

"ನಮ್ಮ ಎಮ್ಮೆಗೂ ಒಂದು ತೊಟ್ಟಿ ಇದೆ," ಎಂದಳು ಬತಾಸೋ.

ಕಬೂತರಿ ನಕ್ಕಳು. ನಕ್ಕವಳು ಸುತ್ತ ನೋಡಿ ದನಿ ತಗ್ಗಿಸಿದಳು. "ನಗೋ ವಿಷಯ ಅಲ್ಲ ದೀದಿ. ಹಬ್ಬ ಮುಗಿಯೋ ಬೆಳಿಗ್ಗೆ ಸರ್ಕಾರದ ಸಾಹೇಬ್ರು ಕೆರೆ ನೋಡೋಕೆ ಬರ್ತಾರಂತೆ. 'ಅದು ಬರೀ ಹಳ್ಳ, ಊರಲ್ಲಿ ಯಾರಿಗೂ ಬೇಕಾಗಿಲ್ಲ' ಅಂತ ಬಾಬು ಹೇಳಿದಾರೆ. ಛಠ್ ದಿವಸಾನೇ ಒಂದು ಹೂವಿನೆಸಳೂ ನೀರಲ್ಲಿ ತೇಲದಿದ್ರೆ ಸಾಹೇಬ್ರು ತಾನೇ ಇನ್ನೇನು ಅಂದ್ಕೋತಾರೆ? ಮಿಕ್ಕಿದ್ದನ್ನೂ ಮುಚ್ಚಿ ಬಾಬು ಅಂಗಡಿ ಸಾಲು ಎಬ್ಬಿಸ್ತಾರೆ."

"ಇಷ್ಟೆಲ್ಲ ನಿನಗೆ ಹೇಳಿದ್ದು ಯಾರು?"

"ನಿನ್ನ ಮಗನ್ನೇ ಕೇಳು. ಈ ಮಣ್ಣು ಹೊತ್ತ ಟ್ರ್ಯಾಕ್ಟರು ಓಡಿಸಿದ್ದು ಅವನೇ ತಾನೆ?"

ಮಗ ಸೂರತ್ ಗಿರಿಜಾ ಬಾಬುವಿನ ಟ್ರ್ಯಾಕ್ಟರಿಗೆ ಹೋಗುತ್ತಿದ್ದದ್ದು ಬತಾಸೋಗೆ ಗೊತ್ತಿತ್ತು. ಇಟ್ಟಿಗೆ ಭಟ್ಟಿಗೆ ಎಂದು ಹೇಳಿದ್ದ. ಅವಳು ಅಂದಾಜಿನ ಮೇಲೆ ಒಂದು ಕಡೆ ಗುದ್ದಲಿ ಹಾಕಿದಳು. ಮಣ್ಣು ಸರಿದು ಅವಳ ಸಿರಸೋತದ ತುದಿ ಕಂಡಿತು. ಕಂಡಷ್ಟಕ್ಕೇ ಸುಣ್ಣ ಬಳಿದಳು. ನೆಲದೊಳಗಿಂದ ಯಾರೋ ಬಿಳಿಯ ಬೆರಳೊಂದನ್ನು ಎತ್ತಿ ಹಿಡಿದ ಹಾಗಾಯಿತು.

ಮನೆಗೆ ಬಂದಾಗ ಸೊಸೆ ಸುನೈನಾ ಮಹಡಿಯ ಮೇಲೆ ತೊಳೆದ ಗೋಧಿ ಹರವಿ, ಕೋಲು ಹಿಡಿದು ಗುಬ್ಬಿ ಕಾಯುತ್ತಿದ್ದಳು. ಹಕ್ಕಿ ಕೊಕ್ಕಿಟ್ಟ ಕಾಳು ಪ್ರಸಾದಕ್ಕಲ್ಲ. ಆ ಗೋಧಿಯನ್ನೇ ಬೀಸಿ, ಬೆಲ್ಲ ತುಪ್ಪ ಕಲಸಿ, ಹೊಸ ಮಣ್ಣಿನ ಒಲೆಯಲ್ಲಿ ಮಾವಿನ ಕಟ್ಟಿಗೆ ಉರಿಸಿ ಠೇಕುವಾ ಕರಿಯಬೇಕು. ಸೂರತ್ ಕೆಲಸದಿಂದ ಬಂದವನು ಗೋಧಿ ಚೀಲಕ್ಕೆ ಕೈ ಹಾಕಲು ಬಂದ.

"ಮುಟ್ಟಬೇಡ," ಎಂದಳು ಬತಾಸೋ.

"ಕೈ ತೊಳೆದಿದೀನಿ ಮಾಯಿ."

"ಆ ಮಣ್ಣು ತೊಳೆದ್ರೆ ಹೋಗಲ್ಲ."

ಅವನಿಗೆ ಅರ್ಥವಾಯಿತು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. "ನಾನು ಓಡಿಸದಿದ್ರೆ ಇನ್ನೊಬ್ಬ ಓಡಿಸ್ತಿದ್ದ."

"ಓಡಿಸ್ಲಿ. ಆ ಇನ್ನೊಬ್ಬ ನನ್ನ ಹೊಟ್ಟೇಲಿ ಹುಟ್ಟಿಲ್ಲ."

ಸುನೈನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೆಂಡತಿ ನಕ್ಕಿದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು. "ಒಂದು ವರ್ಷ ತೊಟ್ಟೀಲಿ ನಿಂತ್ರೆ ಏನಾಗುತ್ತೆ? ಸೂರ್ಯ ಬೇರೆ ಕಡೆ ಮುಳುಗ್ತಾನಾ?"

"ಅವನು ಮುಳುಗೋ ಕಡೆಯೇ ಮುಳುಗ್ತಾನೆ. ಬೇರೆ ಕಡೆ ಮುಳುಗೋರು ನಾವು."

ಮಾತು ಅಲ್ಲಿಗೆ ನಿಂತಿತು. ಹಬ್ಬದ ದಿನಗಳಲ್ಲಿ ಮನೆಯೊಳಗೆ ದನಿ ಏರಿಸುವಂತಿಲ್ಲ.

ಖರನಾ ಎನ್ನುವ, ಹಬ್ಬದ ಎರಡನೆಯ ದಿನದ ಸಂಜೆ ಬಂತು. ಆ ದಿನವೆಲ್ಲ ಉಪವಾಸವಿದ್ದು, ಕತ್ತಲಾಗುವಾಗ ವ್ರತದವಳು ಒಬ್ಬಳೇ ಕೋಣೆಯಲ್ಲಿ ಕೂತು ಬೆಲ್ಲದ ಪಾಯಸ, ರೊಟ್ಟಿ ಉಣ್ಣುತ್ತಾಳೆ. ಆಮೇಲೆ ಮರುದಿನದ ಸಂಜೆಯ ಅರ್ಘ್ಯ, ಅದರ ಮರುದಿನದ ಬೆಳಗಿನ ಅರ್ಘ್ಯ ಎರಡೂ ಮುಗಿಯುವವರೆಗೆ ತುತ್ತೂ ಇಲ್ಲ, ಗುಟುಕು ನೀರೂ ಇಲ್ಲ. ಉಣ್ಣುವಾಗ ಒಂದು ಕೂಗು ಕಿವಿಗೆ ಬಿದ್ದರೂ ಕೈ ಅಲ್ಲಿಗೇ ನಿಲ್ಲಬೇಕು, ಆ ಊಟ ಅಲ್ಲಿಗೇ ಮುಗಿಯಿತು. ಅದಕ್ಕೇ ಓಣಿಗೆ ಓಣಿಯೇ ಉಸಿರು ಬಿಗಿಹಿಡಿಯುತ್ತದೆ. ಟಿವಿ ಬಂದ್. ಕರುವಿನ ಕೊರಳಗಂಟೆಗೆ ಹುಲ್ಲು ತುರುಕಿದ್ದರು. ಸೂರತ್ ಓಣಿಯ ಆ ತುದಿಯಲ್ಲಿ ನಿಂತು ನಾಯಿಗಳನ್ನು ಅಟ್ಟುತ್ತಿದ್ದ. ಒಳಗೆ ಬತಾಸೋ ಮಾತೆಗೆ ಎಡೆಯಿಟ್ಟು, ಕೈಮುಗಿದು, ಬಾಳೆಲೆಯ ಮುಂದೆ ಕೂತಳು. ಮೊದಲ ತುತ್ತು ಬಾಯಿಗಿಟ್ಟಳು. ಬೆಲ್ಲಕ್ಕೆ ಹೊಗೆಯ ಪರಿಮಳವಿತ್ತು. ಎರಡನೆಯ ತುತ್ತು ಬೆರಳಲ್ಲಿತ್ತು.

"ಚಾಚಿ! ಓ ಬತಾಸೋ ಚಾಚಿ! ಮನೇಲಿದೀರಾ?"

ಓಣಿಯ ಈ ತುದಿಯಿಂದ, ಕಾರಿನಿಂದಿಳಿದು ನೇರ ಬಾಗಿಲಿಗೇ ಬಂದವನು ಗಿರಿಜಾ ಬಾಬು. ಸುನೈನಾ ಎರಡೂ ಕೈ ಆಡಿಸುತ್ತ ಓಡಿಬಂದಳು. ಅಷ್ಟು ಹೊತ್ತಿಗೆ ಆಗಿಹೋಗಿತ್ತು. ಬತಾಸೋ ಬೆರಳಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟಳು. ಪಕ್ಕದಲ್ಲಿ ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಅದರ ಕಡೆ ನೋಡದೆ ಎದ್ದು ಕೈ ತೊಳೆದಳು.

ಅವಳು ಹೊರಗೆ ಬಂದಾಗ ಅವನ ಮುಖ ಪೆಚ್ಚಾಗಿತ್ತು. ಓಣಿಯ ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ನಿಂತು ಅವನನ್ನೇ ನೋಡುತ್ತಿದ್ದರು.

"ಊಟ ಆಗಿರುತ್ತೆ ಅಂದ್ಕೊಂಡೆ ಚಾಚಿ. ಪಟ್ಟಣದಲ್ಲಿದ್ದು ಇದ್ದು ಮರೆತೇ ಹೋಗಿದೆ."

"ನೀನು ಮರೆತಿರೋದು ಇದೊಂದೇ ಅಲ್ಲ ಬಬುವಾ."

ಅವನ ಕೈಯಲ್ಲಿ ಬಿದಿರಿನ ಹೊಸ ಮೊರ ಇತ್ತು. ಮೊರದ ತುಂಬ ಹಣ್ಣು, ತೆಂಗಿನಕಾಯಿ, ಕಬ್ಬಿನ ತುಂಡು, ಹಸಿ ಅರಿಶಿನದ ಗಿಡ, ಮೇಲೆ ಹಳದಿ ಬಟ್ಟೆ. ಅವನ ತಾಯಿ ಕಳಿಸಿದ ಮೊರ. ಮೊಣಕಾಲು ಸೋತು ಹಾಸಿಗೆ ಹಿಡಿದ ಮೇಲೆ ಆ ಮುದುಕಿ ತನ್ನ ಹರಕೆಯ ಮೊರವನ್ನು ಪ್ರತಿವರ್ಷ ಬತಾಸೋಗೇ ಕಳಿಸುತ್ತಿದ್ದಳು. ತಾವು ವ್ರತ ಹಿಡಿಯಲಾರದವರು ವ್ರತದವಳ ಕೈಗೆ ಮೊರ ಒಪ್ಪಿಸಿ ತಮ್ಮ ಪರವಾಗಿ ಸೂರ್ಯನ ಮುಂದೆ ಎತ್ತಿಸಬಹುದು. ಹಾಗೆ ಬಂದ ಮೊರವನ್ನು ಬೇಡ ಎನ್ನುವವರಿಲ್ಲ.

"ಈ ಸಲ ನಮ್ಮ ತೊಟ್ಟೀಲೇ ಎತ್ತಿಬಿಡಿ ಚಾಚಿ," ಎಂದ ಗಿರಿಜಾ ಬಾಬು. "ನೀವು ಎಲ್ಲಿ ನಿಲ್ತೀರೋ ಊರು ಅಲ್ಲಿ ನಿಲ್ಲುತ್ತೆ. ನಿಮಗೆ ಅಂತಲೇ ಒಳ್ಳೆ ಜಾಗ ಬಿಟ್ಟಿದೀನಿ. ಬರೀ ಹೊಟ್ಟೇಲಿದೀರಾ ಬೇರೆ, ಕೆಸರಲ್ಲಿ ಯಾಕೆ ನಿಲ್ತೀರಾ?"

ಬರೀ ಹೊಟ್ಟೆ ಯಾರಿಂದಾಯಿತು ಎಂದು ಬತಾಸೋ ಕೇಳಲಿಲ್ಲ. "ತೊಟ್ಟೀಲಿ ಎತ್ತು ಅಂತ ನಿನ್ನ ತಾಯಿ ಹೇಳಿದಳಾ?"

"ಅವಳಿಗೇನು ಗೊತ್ತಾಗುತ್ತೆ ಈಗ?"

"ನಿನಗೆ ಕಣ್ಣು ಬಿಡಲಾರದಷ್ಟು ಜ್ವರ ಬಂದಿತ್ತಲ್ಲ ಚಿಕ್ಕವನಿದ್ದಾಗ, ಅವತ್ತು ನಿನ್ನನ್ನ ಮಡಿಲಲ್ಲಿ ಎತ್ಕೊಂಡು ಯಾವ ನೀರಲ್ಲಿ ನಿಂತು ಹರಕೆ ಹೊತ್ತಳು? ನಿನ್ನ ತಲೆ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದವಳು ನಾನೇ."

ಅವನು ಮೊರ ಚಾಚಿದ. ಬತಾಸೋ ಸೆರಗು ಹಿಡಿದು ಅದನ್ನು ತೆಗೆದುಕೊಂಡಳು, ಹಣೆಗೆ ಮುಟ್ಟಿಸಿದಳು. ಮೊರ ತೆಗೆದುಕೊಂಡಳಲ್ಲ, ಮಾತು ಗೆದ್ದೆ ಎಂದು ಅವನು ತಿಳಿದ. "ಹಾಗಾದ್ರೆ ನಾಳೆ ಸಂಜೆ ಗಾಡಿ ಕಳಿಸ್ತೀನಿ," ಎಂದು ಹಗುರಾಗಿ ಹೊರಟುಹೋದ. ಅವಳು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ಮರುದಿನ ಗಾಡಿ ಬಂತು. ಬತಾಸೋ ಅದನ್ನು ಹತ್ತದೆ ಪಕ್ಕದಲ್ಲೇ ಬರಿಗಾಲಲ್ಲಿ ನಡೆದುಹೋದಳು. ಅವಳ ಮುಂದೆ ಸೂರತ್, ಹಳದಿ ಪಂಚೆಯುಟ್ಟು, ಮೊರಗಳನ್ನು ಜೋಡಿಸಿದ ದೊಡ್ಡ ಬುಟ್ಟಿಯನ್ನು ತಲೆಯ ಮೇಲೆ ಹೊತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಹೋಗಿರಲಿಲ್ಲ. ಎಲ್ಲಿದ್ದೆ ಎಂದು ಅವಳು ಕೇಳಿರಲಿಲ್ಲ. ಬುಟ್ಟಿ ಹೊರಲು ಕೈ ಚಾಚಿದಾಗ ಅವಳು ಬೇಡ ಎಂದಿರಲೂ ಇಲ್ಲ. ಹಿಂದೆ ಕಬ್ಬು ಹಿಡಿದ ಸುನೈನಾ, ಅವಳ ಹಿಂದೆ ಓಣಿಯ ಹೆಂಗಸರು, ಛಠೀಮಾತೆಯ ಹಾಡು ಹೇಳಿಕೊಳ್ಳುತ್ತ. ಬತಾಸೋಳ ನಾಲಗೆ ಅಂಗುಳಿಗೆ ಅಂಟಿತ್ತು, ಅವಳು ಹಾಡಲಿಲ್ಲ. ಹಗಲೆಲ್ಲ ಲೋಕಕ್ಕೆಲ್ಲ ದುಡಿದು, ಯಾರ ಗಮನಕ್ಕೂ ಬಾರದೆ ಇಳಿದುಹೋಗುವ ಸೂರ್ಯನೇ, ಇನ್ನೊಂದು ಗಳಿಗೆ ತಾಳು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಆಲದ ಮರದ ಹತ್ತಿರ ದಾರಿ ಕವಲೊಡೆಯುತ್ತದೆ. ಬಲಕ್ಕೆ ಬಣ್ಣದ ದೀಪ, ಮೈಕು, ಗಿರಿಜಾ ಬಾಬುವಿನ ಗೇಟು. ಹಾಡು ಅಲ್ಲಿ ಸಣ್ಣಗಾಯಿತು. ಸೂರತ್ ತಿರುಗಿ ನೋಡಲಿಲ್ಲ, ಎಡಕ್ಕೆ ಹೊರಳಿದ. ಬತಾಸೋ ಎಡಕ್ಕೆ ಹೊರಳಿದಳು.

"ಅಯ್ಯೋ ದೀದಿ," ಎಂದು ಹಿಂದಿನಿಂದ ಕಬೂತರಿ ಗಟ್ಟಿಯಾಗಿ ಹೇಳಿದಳು, "ನನ್ನ ಕಾಲಿಗೆ ಕೆಸರು ಹತ್ತದೆ ವರ್ಷ ಆಯ್ತು, ತಡಿ, ನಾನೂ ಬಂದೆ!" ಕೆಲವರು ಬಲಕ್ಕೆ ಹೋದರು. ಹೆಚ್ಚಿನವರು ಹಾಡನ್ನು ಬಿಟ್ಟಲ್ಲಿಂದ ಎತ್ತಿಕೊಂಡು ಎಡಕ್ಕೆ ಬಂದರು.

ಕೆರೆಯ ಹತ್ತಿರ ಬಂದ ಬತಾಸೋ ನಿಂತುಬಿಟ್ಟಳು. ಸುರಿದ ಮಣ್ಣಿನಲ್ಲಿ ನೀರಿನವರೆಗೆ ಮೆಟ್ಟಿಲು ಕಡಿದಿತ್ತು. ಮೆಟ್ಟಿಲ ಎರಡೂ ಬದಿಗೆ, ಮಣ್ಣು ಕೆರೆದು ಹೊರತೆಗೆದ ಸಿರಸೋತಗಳು ಒದ್ದೆಮೈಯಲ್ಲಿ ನಿಂತಿದ್ದವು. ಕೆಲವು ಮುರಿದಿದ್ದವು. ಸೂರತ್ ಬುಟ್ಟಿ ಇಳಿಸಿದ. ಅವನ ಉಗುರುಗಳಲ್ಲಿ ಮಣ್ಣು ತುಂಬಿತ್ತು, ಅಂಗೈಯಲ್ಲಿ ಗುದ್ದಲಿಯ ಬೊಬ್ಬೆ.

"ಕೈ ತೊಳೀಲಾ ಮಾಯಿ?" ಎಂದ, ತಲೆ ತಗ್ಗಿಸಿಕೊಂಡೇ.

"ಬೇಡ. ಇರಲಿ."

ಅವಳು ನೀರಿಗಿಳಿದಳು. ಕೆಸರು ಹಿಮ್ಮಡಿ ಹಿಡಿಯಿತು. ಸೊಂಟದವರೆಗೆ ತಣ್ಣಗಾಯಿತು. ಒಂದು ಕ್ಷಣ ಕಣ್ಣು ಕತ್ತಲಿಟ್ಟಿತು, ಸುನೈನಾ ತೋಳು ಹಿಡಿದಳು. ಎದುರಿಗೆ ಸೂರ್ಯ ಕೆಂಪಗೆ, ದೊಡ್ಡದಾಗಿ, ಕಬ್ಬಿನ ಗದ್ದೆಯ ಮೇಲಕ್ಕೆ ಇಳಿದು ನಿಂತಿದ್ದ. ಇವರಿಗಾಗಿಯೇ ಕಾದ ಹಾಗೆ. ಬತಾಸೋ ತನ್ನ ಮನೆಯ ಮೊರ ಎತ್ತಿದಳು. ಸೂರತ್ ಅದರ ಮುಂದೆ ಹಾಲು ಬಿಟ್ಟ. ಆಮೇಲೆ ಅವಳು ನಿನ್ನೆ ಬಂದ ಹಳದಿ ಬಟ್ಟೆಯ ಮೊರವನ್ನು ಕೈಗೆ ತೆಗೆದುಕೊಂಡಳು.

ಮಣ್ಣಿನ ದಿಬ್ಬದ ಮೇಲೆ ಯಾರೋ ಓಡಿಬರುವ ಸದ್ದಾಯಿತು.

"ಚಾಚಿ! ಚಾಚಿ, ನಿಲ್ಲಿ!"

ಗಿರಿಜಾ ಬಾಬುವೇ. ಸೂರತ್ ಕಡಿದ ಮೆಟ್ಟಿಲನ್ನು ಇಳಿಯುತ್ತ ಅವನು ತಾನಾಗಿಯೇ ಚಪ್ಪಲಿ ಬಿಟ್ಟ, ಅಷ್ಟು ಮರೆತಿರಲಿಲ್ಲ. "ಆ ಮೊರ ಇಲ್ಲಿ ಎತ್ತಬೇಡಿ. ವಾಪಸ್ ಕೊಟ್ಟುಬಿಡಿ, ತೊಟ್ಟೀಲಿ ಬೇರೆಯವರ ಕೈಲಿ ಎತ್ತಿಸ್ತೀನಿ."

"ಯಾಕೆ ಬಾಬು?" ಕಬೂತರಿ ನೀರಲ್ಲಿ ನಿಂತೇ ಕೇಳಿದಳು. "ಬೆಳಿಗ್ಗೆ ಸಾಹೇಬ್ರು ಬಂದು 'ಈ ಹಳ್ಳದಲ್ಲಿ ಯಾರ ಪೂಜೆ' ಅಂತ ಕೇಳಿದ್ರೆ, 'ಗಿರಿಜಾ ಬಾಬುದೇ ಸ್ವಾಮಿ' ಅಂತ ಹೇಳ್ಬೇಕಾಗುತ್ತೆ ಅಂತಲಾ?"

ದಂಡೆಯ ಮೇಲೆ ಯಾರೋ ಕಿಸಕ್ಕೆಂದರು. ಅವನು ಆ ಕಡೆ ನೋಡಲಿಲ್ಲ. ಮೊಣಕಾಲವರೆಗೆ ನೀರಿಗೆ ಬಂದ. ಪ್ಯಾಂಟು ನೆನೆಯಿತು. ದನಿ ಇಳಿಯಿತು.

"ನಿನ್ನೆ ನಿಮ್ಮ ಊಟ ಕೆಡಿಸಿದ್ದು ನನ್ನ ತಪ್ಪು ಚಾಚಿ. ಆ ಸಿಟ್ಟು ಬೇರೆ ಹೇಗಾದ್ರೂ ತೀರಿಸ್ಕೊಳ್ಳಿ."

"ಸಿಟ್ಟಿದ್ರೆ ಮೊರ ಮುಟ್ತಾನೇ ಇರಲಿಲ್ಲ," ಎಂದಳು ಬತಾಸೋ. ಒಣಗಿದ ಗಂಟಲಿನಿಂದ ಮಾತು ಒರಟಾಗಿ ಬಂತು. "ನೀನು ಬದುಕಿರು ಅಂತ ಎತ್ತೋ ಮೊರ ಇದು. ಇವತ್ತು ಎತ್ತಿದ ನೀರಲ್ಲೇ ನಾಳೆ ಬೆಳಿಗ್ಗೆನೂ ಎತ್ತಬೇಕು. ಆ ಅರ್ಘ್ಯ ಆಗೋವರೆಗೆ ಇದು ನಿಂದಲ್ಲ, ನಂದೂ ಅಲ್ಲ."

"ಕೈಮುಗಿದು ಕೇಳ್ತೀನಿ. ನನ್ನ ಮೊರ ನನಗೆ ಕೊಡಿ."

ನಿನ್ನೆ ಅವನ ಕೂಗಿಗೆ ಅವಳು ತುತ್ತು ಕೆಳಗಿಟ್ಟಿದ್ದಳು, ಇವತ್ತು ಮೊರ ಕೆಳಗಿಡಲಿಲ್ಲ. ಅವಳು ಮೊರವನ್ನು ಎದೆಯ ಮಟ್ಟಕ್ಕೆ ತಂದಳು, ಹಣೆಯ ಮಟ್ಟಕ್ಕೆ ತಂದಳು, ಇಳಿಯುತ್ತಿದ್ದ ಸೂರ್ಯನಿಗೆ ನೇರ ಹಿಡಿದಳು. ಮುಖ ತಿರುಗಿಸಲಿಲ್ಲ.

"ಕೊಡಲ್ಲ."