ಉಪ್ಪು ನೋಡುವವಳು

ಅಂತೋಣಿಯಮ್ಮ ಸೀಮೆಎಣ್ಣೆ ಡಬ್ಬದ ಮುಚ್ಚಳದ ಮೇಲಿನ ಕೆಂಡವನ್ನು ಇಕ್ಕಳದಿಂದ ಬದಿಗೆ ಸರಿಸಿ, ಮೊದಲ ಒಬ್ಬೆ ಬಿಸ್ಕತ್ತನ್ನು ಹೊರಗೆ ತೆಗೆಯುತ್ತಿರುವಾಗಲೇ ಬಾಗಿಲಲ್ಲಿ ಹಸುವಿನ ಗಂಟೆ ಕೇಳಿಸಿತು. ಹಾಲಿನ ದೇವಿರಮ್ಮ ಇಷ್ಟು ಬೇಗ ಬಂದುಬಿಟ್ಟಿದ್ದಳು. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.

ಆ ಡಬ್ಬವೇ ಅಂತೋಣಿಯಮ್ಮನ ಒಲೆ. ತಳಕ್ಕೆ ಎರಡು ಬೆರಳು ಮರಳು, ಮರಳಿನ ಮೇಲೆ ತಟ್ಟೆ, ಬಾಯಿಗೆ ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಒಂದು ಒಬ್ಬೆಗೆ ತಟ್ಟೆ ಹಿಡಿಯುವುದು ಒಂಬತ್ತೇ ಬಿಸ್ಕತ್ತು. ಹತ್ತನೆಯದನ್ನು ತುರುಕಿದರೆ ಅಂಚಿನವೆಲ್ಲ ಕರಕಾಗುತ್ತವೆ. ಗಂಡ ಇನ್ನಾಸಪ್ಪ ದೊರೆಗಳ ಬಂಗಲೆಯಲ್ಲಿ ಅಡುಗೆಯವನು. ಅಲ್ಲಿ ದೊರೆಸಾನಿ ಅರ್ಧ ಬಳಸಿ ಬಿಟ್ಟ ಚೀಸಿನ ಡಬ್ಬಿ ಆಗೊಮ್ಮೆ ಈಗೊಮ್ಮೆ ಅವನ ಕೈಗೆ ಬರುತ್ತಿತ್ತು. ಆ ಚೀಸನ್ನು ಮೊಳೆಯಿಂದ ತೂತು ಹೊಡೆದ ತಗಡಿನ ಮೇಲೆ ತುರಿದು, ಮೈದಾಹಿಟ್ಟು, ಬೆಣ್ಣೆ, ಚಿಟಿಕೆ ಮೆಣಸಿನ ಪುಡಿ ಸೇರಿಸಿ ಕಲಸುವುದನ್ನು ಅವನೇ ಅವಳಿಗೆ ಕಲಿಸಿದ್ದ. ಕಷ್ಟವಿದ್ದದ್ದು ಉಪ್ಪಿನದು ಮಾತ್ರ. ಒಂದು ಡಬ್ಬಿಯ ಚೀಸು ಸಪ್ಪೆ, ಇನ್ನೊಂದರದು ಕಡಲು. ಬೆಳಗಿನಿಂದ ಒಲೆಯ ಮುಂದೆ ಕೂತವಳಿಗೆ ವಾಸನೆಯಲ್ಲೇ ನಾಲಿಗೆ ದಣಿದಿರುತ್ತಿತ್ತು. ಅದಕ್ಕೇ ಉಪ್ಪು ನೋಡುವ ಕೆಲಸ ಮಗಳು ಸಹಾಯಮೇರಿಯದು. ಐದು ವರ್ಷದವಳಿದ್ದಾಗಿನಿಂದ ಮೂರು ವರ್ಷ ಅವಳು ಪ್ರತಿ ಸಾರಿ ಮೊದಲ ಒಬ್ಬೆಯ ಚೂರನ್ನು ಅಮ್ಮನ ಕೈಯಿಂದಲೇ ಬಾಯಿಗೆ ಹಾಕಿಸಿಕೊಂಡು ತೀರ್ಪು ಹೇಳುತ್ತಿದ್ದಳು.

ಆ ದಿನವೂ ಹಾಗೇ ಆಯಿತು. ಅಂತೋಣಿಯಮ್ಮನಿಗೆ ಎದ್ದಾಗಿನಿಂದ ತಲೆಯಲ್ಲಿದ್ದದ್ದು ಒಂದೇ: ನಾನು ಇವತ್ತು ಬಾಯಿಗೆ ಏನೂ ಹಾಕಬಾರದು, ಬೆರಳು ಕೂಡ ನೆಕ್ಕಬಾರದು. ಆ ಜೋಪಾನದಲ್ಲೇ ಅವಳ ಕೈ ಬಿಸ್ಕತ್ತಿನ ತುದಿ ಮುರಿಯಿತು, ಊದಿ ಆರಿಸಿತು, ಪಕ್ಕದಲ್ಲಿ ಕೂತ ಮಗಳ ಬಾಯಿಗೆ ಇಟ್ಟಿತು. ಮಗಳು ಬಾಯಿ ತೆರೆದಳು, ಅಗಿದಳು, ನುಂಗಿದಳು.

"ಉಪ್ಪು ಒಂಚೂರು ಮುಂದಾಗಿದೆ ಕಣಮ್ಮ" ಎಂದಳು.

"ಹ್ಞೂಂ, ಹಿಟ್ಟು ಸೇರಿಸ್ತೀನಿ" ಎನ್ನುತ್ತ ಅಂತೋಣಿಯಮ್ಮ ಚೊಂಬು ಹಿಡಿದು ಬಾಗಿಲಿಗೆ ಹೋದಳು.

ದೇವಿರಮ್ಮ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕರೆಯತೊಡಗಿದ್ದಳು. "ಓಣಿಯೆಲ್ಲ ಗಮ್ಮಂತದಲ್ರವ್ವಾ. ಅದೇ ನಿಮ್ಮ ದೊರೆಗಳ ಗಿಣ್ಣಾ?"

"ಅದೇ ಕಣಮ್ಮ. ಇವತ್ತು ಚರ್ಚಲ್ಲಿ ಹನ್ನೆರಡು ಮಕ್ಕಳಿಗೆ ಮೊದಲ ಪರಮಪ್ರಸಾದ. ನಮ್ಮ ಮೇರೀನೂ ಅದರಲ್ಲಿ ಒಬ್ಬಳು. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕಾಫಿ ಕೊಡ್ತಾರೆ. ಬಿಸ್ಕತ್ತು ನಾನು ತರ್ತೀನಿ ಅಂತ ಒಪ್ಕೊಂಡ್ಬುಟ್ಟೆ."

"ಮೇರವ್ವಂಗೆ ಒಂದು ಲೋಟ ನೊರೆಹಾಲು ಕೊಡ್ಲಾ? ಒಳ್ಳೇ ದಿನ."

"ಬ್ಯಾಡ ಬ್ಯಾಡ. ನಡುರಾತ್ರಿಯಿಂದ ಪೂಜೆ ಮುಗಿಯೋ ತನಕ ಒಂದು ತೊಟ್ಟು ನೀರೂ ಇಳಿಸೋ ಹಂಗಿಲ್ಲ. ನಂಗೂ ಇಲ್ಲ, ಅವಳಿಗೂ ಇಲ್ಲ. ಒಂದು ಅಗುಳು ನುಂಗಿದ್ರೂ ಪ್ರಸಾದ ತಗೊಳ್ಳೋ ಹಂಗಿಲ್ಲ."

"ನಿಮ್ಮ ದೇವ್ರು ಬಲೇ ಬಿಗಿ ಕಣ್ರವ್ವಾ. ನಾವು ಸೋಮವಾರ ಒಪ್ಪತ್ತು ಇದ್ರೂ ಬಾಳೆಹಣ್ಣು, ಹಾಲು ಬುಡಾಕಿಲ್ಲ. ನಮ್ಮ ದೇವ್ರು ಕಂಡೂ ಕಾಣ್ದಂಗೆ ಇರ್ತಾನೆ."

ಅಂತೋಣಿಯಮ್ಮ ನಗುತ್ತಲೇ ಹಾಲು ತೆಗೆದುಕೊಂಡು ಒಳಗೆ ಬಂದಳು. ಮಗಳು ನೀರಿನ ಹಂಡೆಯ ಪಕ್ಕ ನಿಂತು ಲಂಗದ ಅಂಚಿನಿಂದ ನಾಲಿಗೆ ಉಜ್ಜಿಕೊಳ್ಳುತ್ತಿದ್ದಳು.

"ಏನೇ ಅದು?"

"ಏನಿಲ್ಲ."

ಇನ್ನೂ ಮೂರು ಒಬ್ಬೆ ಬೇಯಬೇಕು. ಅಂತೋಣಿಯಮ್ಮ ಉಳಿದ ಹಿಟ್ಟಿಗೆ ಇನ್ನೊಂದು ಹಿಡಿ ಮೈದಾ ಉದುರಿಸಿ ನಾದತೊಡಗಿದಳು. ಹಿಡಿಯಷ್ಟು ಮೈದಾ ಯಾಕೆ ಬೇಕಾಯಿತು ಎಂದು ಅವಳು ಯೋಚಿಸಲಿಲ್ಲ.

ಎರಡನೆಯ ಒಬ್ಬೆ ಒಳಗೆ ಹೋದ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಸಹಾಯಮೇರಿ ಮಾಮೂಲಿನಂತೆ ನೋವೆಂದು ಕಿರುಚಲಿಲ್ಲ.

"ಅಮ್ಮಾ."

"ಹ್ಞಾ."

"ಹೋದ ವರ್ಷ ಜ್ಞಾನಪ್ಪನಿಗೆ ಯಾಕೆ ಪ್ರಸಾದ ಕೊಡಲಿಲ್ಲ?"

"ಬಾಯಿ ಮುಕ್ಕಳಿಸುವಾಗ ನೀರು ಕುಡಿದುಬಿಟ್ಟಿದ್ದ. ಅವನೇ ಹೋಗಿ ಚರ್ಚಿನ ಸ್ವಾಮಿಯೋರಿಗೆ ಹೇಳಿದ. ಮೂರು ವಾರ ಬಿಟ್ಟು ಒಬ್ಬನೇ ತಗೊಂಡ. ಅಲುಗಾಡಬೇಡ."

ಮಗಳಿಗೆ ಅದೆಲ್ಲ ಗೊತ್ತಿತ್ತು. ಮೇಣದ ಬತ್ತಿಯಿಲ್ಲದೆ, ತಲೆಗೆ ಹೂವಿನ ದಂಡೆಯಿಲ್ಲದೆ, ಶಾಲೆಯ ಅಂಗಿಯಲ್ಲೇ ಜ್ಞಾನಪ್ಪ ಒಬ್ಬನೇ ಮುಂದೆ ಹೋಗಿ ಮಂಡಿಯೂರಿದ್ದು ಊರೆಲ್ಲ ನೋಡಿತ್ತು. ಹುಡುಗರು ಇವತ್ತಿಗೂ ಅವನನ್ನು ನೀರು ಜ್ಞಾನ ಎಂದೇ ಕರೆಯುತ್ತಾರೆ. ಅವಳು ಇನ್ನೇನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನಾಸಪ್ಪ ಮುಖ ಒರೆಸಿಕೊಳ್ಳುತ್ತ ಬಂದ.

"ಇವತ್ತು ಅರ್ಧ ದಿನ ರಜಾ ಕೇಳಿದ್ದಕ್ಕೆ ದೊರೆಗಳ ಮುಖ ನೋಡಬೇಕಿತ್ತು. ಮೊಟ್ಟೆ ಬೇಯಿಸೋಕೆ ನೀರು ಎಷ್ಟು ಇಡಬೇಕು ಅಂತ ಕೇಳಿದರು" ಎಂದು ಮಗಳ ಗಲ್ಲ ಹಿಂಡಿದ. ಮಗಳು ನಗಲಿಲ್ಲ. "ಹಸಿವಾಯ್ತಾ ಕೂಸೇ? ಇನ್ನೆರಡು ಗಂಟೆ ತಡ್ಕೋ."

ಏಳು ಗಂಟೆಗೆ ಇನ್ನಾಸಪ್ಪನ ಅಕ್ಕ ಲೂರ್ದಮ್ಮ ಬಂದಳು. ಮಗುವಿಗೆ ಜ್ಞಾನಸ್ನಾನ ಆದಾಗ ಎತ್ತಿಕೊಂಡವಳು, ಜ್ಞಾನತಾಯಿ. ಎರಡು ತಿಂಗಳು ಕೂತು ತಾನೇ ಹೊಲಿದ ಬಿಳಿ ಗೌನನ್ನು ಮಗುವಿಗೆ ತೊಡಿಸಿ, ತಲೆಗೆ ಮುಸುಕು ಹಾಕಿ, ಹಿಂದೆ ಸರಿದು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಬಿಸ್ಕತ್ತಿನ ಬುಟ್ಟಿಯ ಬಟ್ಟೆ ಎತ್ತಿದಳು.

"ಇದೇನೇ, ಒಂದಿಷ್ಟು ಕೆಂಪಗಿವೆ, ಒಂದಿಷ್ಟು ಬಿಳಚ್ಕೊಂಡಿವೆ?"

"ಮೊದಲನೇ ಒಬ್ಬೆಯಲ್ಲಿ ಉಪ್ಪು ಜಾಸ್ತಿ ಆಗಿತ್ತು ಅಕ್ಕ. ಅದಕ್ಕೆ ಹಿಟ್ಟು ಸೇರಿಸಿದೆ."

"ಅಯ್ಯೋ, ನೀನು ರುಚಿ ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ. ನೀರೂ ಮುಟ್ಟಿಲ್ಲ."

"ಮತ್ತೆ ಉಪ್ಪು ಜಾಸ್ತಿ ಅಂತ ಯಾರು ಹೇಳಿದ್ರು?"

ಅಂತೋಣಿಯಮ್ಮ ಬುಟ್ಟಿಯ ಕಡೆ ನೋಡಿದಳು. ಬೆಳಗಿನ ಒಲೆಯ ಮುಂದೆ ತನ್ನದೇ ಕೈ ಬಿಸ್ಕತ್ತಿನ ತುದಿ ಮುರಿದದ್ದು, ಪುಟ್ಟ ಬಾಯಿ ತೆರೆದದ್ದು, ಒಂಚೂರು ಮುಂದಾಗಿದೆ ಎಂದ ದನಿ, ಎಲ್ಲವೂ ಅವಳಿಗೆ ಒಟ್ಟಿಗೆ ನೆನಪಾದವು. ಮಗಳು ಮುಸುಕಿನೊಳಗಿಂದ ಕಣ್ಣೆತ್ತಿ ಅವಳನ್ನೇ ನೋಡುತ್ತಿದ್ದಳು.

"ವಾಸನೇಲೇ ಗೊತ್ತಾಗುತ್ತೆ ಅಕ್ಕ" ಎಂದಳು ಅಂತೋಣಿಯಮ್ಮ.

ಮಗಳ ಕಣ್ಣು ಕೆಳಗಿಳಿಯಿತು.

"ಕೈ ಪಳಗಿದೆ ಬಿಡು ನಿಂದು" ಎಂದು ಲೂರ್ದಮ್ಮ ಬುಟ್ಟಿ ಮುಚ್ಚಿದಳು.

ನಾಲ್ವರೂ ಹೊರಟರು. ಇನ್ನಾಸಪ್ಪ ಬುಟ್ಟಿ ಹೊತ್ತು ಮುಂದೆ, ಲೂರ್ದಮ್ಮ ಉದ್ದ ಮೇಣದ ಬತ್ತಿಯನ್ನು ಮಗುವಿನ ಹಾಗೆ ತೋಳಲ್ಲಿ ಹಿಡಿದು ಅವನ ಜೊತೆ, ತಾಯಿ ಮಗಳು ಕೈಹಿಡಿದು ಹಿಂದೆ. ಮಂಡಿಯ ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು. ಬೆಲ್ಲದ ಮೂಟೆ ಇಳಿಸುತ್ತಿದ್ದವರು ಬಿಳಿ ಗೌನಿಗೆ ದಾರಿ ಬಿಟ್ಟರು.

ಅಂತೋಣಿಯಮ್ಮ ಒಳಗೊಳಗೇ ಮಾತು ಜೋಡಿಸಿಕೊಂಡಳು. ಸಾಸಿವೆಯಷ್ಟು ಚೂರು. ಕೊಟ್ಟ ಕೈ ನನ್ನದು, ತಪ್ಪಿದ್ದರೆ ನನ್ನದು. ಅದು ಲೆಕ್ಕಕ್ಕಿಲ್ಲ ಕಣೇ ಎಂದು ನಾನೊಂದು ಮಾತು ಹೇಳಿದರೆ ಮಗು ನಂಬುತ್ತದೆ. ಇವತ್ತಿನವರೆಗೂ ನಾನು ಹೇಳಿದ್ದನ್ನೆಲ್ಲ ನಂಬಿದೆ. ನಂಬಿ ಹನ್ನೊಂದು ಮಕ್ಕಳ ಜೊತೆ ಹೋಗಿ ಮಂಡಿಯೂರುತ್ತದೆ, ನಾಲಿಗೆ ಚಾಚುತ್ತದೆ. ಲೂರ್ದಕ್ಕನ ಎರಡು ತಿಂಗಳ ಹೊಲಿಗೆ ಸಾರ್ಥಕವಾಗುತ್ತದೆ. ನಾಳೆ ಯಾರೂ ಇವಳನ್ನು ಬಿಸ್ಕತ್ತು ಮೇರಿ ಎಂದು ಕರೆಯುವುದಿಲ್ಲ.

ಆದರೆ ವಾಸನೇಲೇ ಗೊತ್ತಾಗುತ್ತೆ ಎಂದದ್ದನ್ನು ಮಗು ಕೇಳಿಸಿಕೊಂಡಿತ್ತು. ಅದು ಸುಳ್ಳೆಂದು ಈ ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಇನ್ನು ಮೇಲೆ ನಾನು ಏನು ಹೇಳಿದರೂ ಇವಳು ಮೊದಲು ಆ ಮಾತನ್ನು ನೆನೆಯುತ್ತಾಳೆ, ಆಮೇಲೆ ನನ್ನ ಮಾತನ್ನು ತೂಗುತ್ತಾಳೆ. ಪ್ರಸಾದ ನಾಲಿಗೆಯ ಮೇಲೆ ಬಿದ್ದಾಗಲೂ ಇವಳಿಗೆ ನೆನಪಾಗುವುದು ದೇವರಲ್ಲ, ಚೀಸಿನ ಉಪ್ಪು.

ಇದು ತೋಚಿದಾಗ ಅವಳ ಕಾಲು ನಿಧಾನವಾಯಿತು. ಮುಂದೆ ಹೋಗುತ್ತಿದ್ದ ಲೂರ್ದಮ್ಮ ತಿರುಗಿ, "ಬೇಗ ಬನ್ನಿ, ಗಂಟೆ ಆಗೋಯ್ತು" ಎಂದಳು.

ಚರ್ಚಿನ ಅಂಗಳದಲ್ಲಿ ಮಕ್ಕಳು ಆಗಲೇ ಇಬ್ಬಿಬ್ಬರಾಗಿ ಸಾಲು ನಿಂತಿದ್ದರು. ಬಾಗಿಲ ಬಳಿ ಸ್ವಾಮಿಯವರು ಬಿಳಿ ನಿಲುವಂಗಿಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೇಳಿ, ತಲೆ ಮುಟ್ಟಿ ಒಳಗೆ ಕಳಿಸುತ್ತಿದ್ದರು. ಇನ್ನಾಸಪ್ಪ ಬುಟ್ಟಿ ಇಡಲು ಹಿಂದಿನ ಕೋಣೆಗೆ ಹೋದ. ಲೂರ್ದಮ್ಮ ಬತ್ತಿ ಹಚ್ಚಿಸಿಕೊಳ್ಳಲು ಹೋದಳು.

ಅಂತೋಣಿಯಮ್ಮ ಮಗಳನ್ನು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ಮುಸುಕು ಸರಿಮಾಡುವ ನೆಪದಲ್ಲಿ ಅವಳೆದುರು ಮಂಡಿಯೂರಿ ಕೂತಳು. ಹೇಳಬೇಕಾದ ಮಾತುಗಳು ಎರಡಿದ್ದವು. ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯಲಿಲ್ಲ. ನನ್ನ ಕೈ ಮರೆತದ್ದನ್ನೋ, ನನ್ನ ಬಾಯಿ ಮರೆಮಾಚಿದ್ದನ್ನೋ. ಅವಳು ಮುಸುಕಿನ ಅಂಚನ್ನು ಸರಿಪಡಿಸಿದಳು, ಸರಿಯಿದ್ದದ್ದನ್ನೇ ಇನ್ನೊಮ್ಮೆ ಸರಿಪಡಿಸಿದಳು.

ಸಾಲು ಮುಂದೆ ಸರಿಯಿತು. ಇನ್ನು ನಾಲ್ಕೇ ಜನ.

ಸಹಾಯಮೇರಿ ಅಮ್ಮನ ಹೆಗಲ ಮೇಲೆ ಎರಡೂ ಕೈ ಇಟ್ಟಳು. ತುಟಿ ಒಣಗಿತ್ತು, ದನಿ ಗಟ್ಟಿಯಾಗಿತ್ತು.

"ಉಗುಳೋಕೆ ಹೋದೆ ಕಣಮ್ಮ, ಅಷ್ಟರಲ್ಲಿ ಇಳಿದುಹೋಗಿತ್ತು. ಸ್ವಾಮಿಯೋರಿಗೆ ನಾನು ಹೇಳ್ಲಾ, ನೀನು ಹೇಳ್ತೀಯಾ?"