ಆ ಹಾಳೆ ತುಂಬಿದ್ದು ಯಾರು?

ಆಸ್ಪತ್ರೆಯವರು “ರಕ್ತ ಬೇಕು” ಎಂದರೆ ಸಾಕು, ನಾವು ಮೊದಲು ಹುಡುಕುವುದು ನೆಂಟರನ್ನು. ಅಣ್ಣನಿಗೆ ಫೋನು, ಭಾವನಿಗೆ ಫೋನು. ಬರದವನ ಮೇಲೆ ವರ್ಷಗಟ್ಟಲೆ ಮುನಿಸು. ಬಂದವನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ವ್ಯವಧಾನ ಮಾತ್ರ ಯಾರಿಗೂ ಇರುವುದಿಲ್ಲ. ಟೈಲರಮ್ಮನಿಗೂ ಅಂದು ಇರಲಿಲ್ಲ.

ಟೈಲರಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ತೀರಿಕೊಂಡು ಮೂರು ವರ್ಷ. ಚಿಕ್ಕವಳು ಊರಿನ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಾತು ಕಡಿಮೆ. ಅಕ್ಕ ಹೋದಮೇಲೆ ಇನ್ನೂ ಕಡಿಮೆ.

ಆ ಭಾನುವಾರ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಪತ್ರ ಇತ್ತು. ದೂರದ ನಗರದ ಸಂಶೋಧನಾ ಕೇಂದ್ರದಲ್ಲಿ ಎರಡು ವರ್ಷದ ತರಬೇತಿಗೆ ಚಿಕ್ಕವಳು ಆಯ್ಕೆಯಾಗಿದ್ದಳು. ಎಚ್‌ಐವಿ ರಕ್ತವನ್ನು ಏನು ಮಾಡುತ್ತದೆ, ರೋಗಿಗೆ ಕೊಡುವ ರಕ್ತವನ್ನು ಇನ್ನೂ ಸುರಕ್ಷಿತ ಮಾಡುವುದು ಹೇಗೆ ಎಂಬ ಓದು. ಮುಗಿಸಿ ಇದೇ ಊರಿಗೆ ಬಂದು, ಹೊಸದಾಗಿ ತೆರೆಯುವ ಲ್ಯಾಬಿನಲ್ಲಿ ಕೆಲಸ ಮಾಡಬೇಕು. ಉತ್ತರ ಕೊಡಲು ಸೋಮವಾರ ಕೊನೆಯ ದಿನ. ಅಮ್ಮ ಒಪ್ಪದೆ ಹೋಗುವುದಿಲ್ಲ ಎಂದು ಅವಳು ಹೇಳಿಬಿಟ್ಟಿದ್ದಳು. ಹಾಗಾಗಿ ಬ್ಲಡ್ ಬ್ಯಾಂಕಿನ ಡಾಕ್ಟರೇ ಮನೆಗೆ ಬಂದಿದ್ದರು.

“ಬನ್ನಿ ಡಾಕ್ಟ್ರಮ್ಮ. ಬಟ್ಟೆ ರಾಶಿ ಆ ಕಡೆ ಸರಿಸಿ ಕೂತ್ಕೊಳ್ಳಿ. ನಿಮಗೂ ಸೂಜಿ ಕೆಲಸ, ನನಗೂ ಸೂಜಿ ಕೆಲಸ. ನನ್ನ ಸೂಜಿ ಮಾತ್ರ ಯಾರ ಪ್ರಾಣಕ್ಕೂ ಬಂದಿಲ್ಲ.”

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. “ನಿಮ್ಮ ಮಗಳಂಥ ಕೈ ನಮ್ಮಲ್ಲಿ ಇನ್ನೊಂದಿಲ್ಲಮ್ಮ. ಕಳಿಸಿಕೊಡಿ.”

“ಒಬ್ಬಳನ್ನ ರಕ್ತ ತಿಂತು. ಇನ್ನೊಬ್ಬಳನ್ನ ನಾನೇ ಬಡಿಸಿ ಕೊಡಲಾ?”

“ಅಮ್ಮ...” ಎಂದಳು ಚಿಕ್ಕವಳು ಬಾಗಿಲ ಬಳಿಯಿಂದ.

“ನೀನು ಸುಮ್ನಿರೇ. ಊರಲ್ಲಿ ಬೇರೆ ಓದೇ ಇಲ್ವಾ?”

ನಡೆದದ್ದು ಹೀಗೆ. ಐದು ವರ್ಷದ ಹಿಂದೆ ದೊಡ್ಡವಳಿಗೆ ಸ್ಕೂಟರ್ ಅಪಘಾತವಾಗಿ ತೊಡೆಯ ಮೂಳೆ ಮುರಿಯಿತು. ಆಪರೇಷನ್ನಿಗೆ ರಕ್ತ ಬೇಕಾಯಿತು. ಟೈಲರಮ್ಮನ ತಮ್ಮ, ಬೋರ್ಡು ಬರೆಯುವ ಪೇಂಟರು, ಬಂದು ಕೊಟ್ಟ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಆ ರಕ್ತವನ್ನೇ ಅವಳಿಗೆ ಏರಿಸಿದರು. ವರ್ಷ ಕಳೆದು ಅವಳು ಜ್ವರದಿಂದ ಹಾಸಿಗೆ ಹಿಡಿದಾಗ ಗೊತ್ತಾಯಿತು, ಎಚ್‌ಐವಿ. ಆಮೇಲೆ ಆ ತಮ್ಮನಿಗೂ ಇದೆ ಎಂದು ತಿಳಿಯಿತು. ಇಬ್ಬರಿಗೂ ಮಾತ್ರೆ ಶುರುವಾಯಿತು. ಆದರೆ ಅವಳ ಮೈಯಲ್ಲಿ ರಕ್ತ ಇಳಿಯುತ್ತಲೇ ಹೋಯಿತು. ಕಾಯಿಲೆಯಿಂದಲೋ, ಮಾತ್ರೆಗಳಲ್ಲಿ ಒಂದು ಒಗ್ಗದೆಯೋ ಎಂದು ಪರೀಕ್ಷಿಸಿ ಹೇಳುವವರು ಊರಿನಲ್ಲಿ ಇರಲಿಲ್ಲ. ಮಾದರಿ ದೂರದ ನಗರಕ್ಕೆ ಹೋಯಿತು. ವರದಿ ಬಂದಾಗ ಅವಳು ಹೋಗಿ ಒಂಬತ್ತು ದಿನ. ಒಂದು ಮಾತ್ರೆ ಬದಲಿಸಿ ಎಂದು ಅದರಲ್ಲಿತ್ತು.

“ಆ ಒಂಬತ್ತು ದಿನಕ್ಕಾಗಿಯೇ ಇವಳು ಹೋಗಬೇಕು” ಎಂದರು ಡಾಕ್ಟರು. “ಆ ಪರೀಕ್ಷೆ ಓದೋರು ಇಲ್ಲೇ ಇದ್ದಿದ್ರೆ ಸಂಜೆಯೊಳಗೆ ಉತ್ತರ ಸಿಗ್ತಿತ್ತು.”

“ದೊಡ್ಡ ದೊಡ್ಡ ವಿಜ್ಞಾನಿಗಳಿದ್ದಾರಲ್ಲ, ಅವರು ಬಂದು ಮಾಡ್ಲಿ.”

“ಬಂದಿದ್ರಮ್ಮ. ನಿಮ್ಮ ಮಗಳ ವಿಷಯ ಆದಮೇಲೇ ಬಂದ್ರು. ಫ್ರಿಜ್ಜಿನ ತಂಪು ಅಳೆದ್ರು. ದಾನಿಗಳ ಹಾಳೆಗಳನ್ನ ತಿರುವಿ ನೋಡಿದ್ರು. ಕಾಯಿಲೆ ಇದೆಯಾ, ಸೋಂಕಿನ ಅನುಮಾನ ಇದೆಯಾ ಅನ್ನೋ ಎಲ್ಲ ಪ್ರಶ್ನೆಗೂ ‘ಇಲ್ಲ’ ಅಂತ ಗುರುತಿತ್ತು. ಎಲ್ಲ ಸರಿಯಾಗಿದೆ ಅಂತ ಬರೆದು ಹೋದ್ರು.”

ಗರಗರ ಓಡುತ್ತಿದ್ದ ಯಂತ್ರ ನಿಂತಿತು.

“ಎಲ್ಲ ಸರಿಯಾಗಿದೆ ಅಂತಾನಾ?” ಟೈಲರಮ್ಮ ಕೇಳಿದಳು. “ಆ ಹಾಳೆ ತುಂಬಿದ್ದು ಯಾರು ಅಂತ ಕೇಳಲಿಲ್ವಾ?”

“ದಾನಿಯೇ ತುಂಬೋದಲ್ವಾಮ್ಮ?”

ಟೈಲರಮ್ಮ ತೊಡೆಯ ಮೇಲಿನ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಮೂರು ವರ್ಷ ಗಂಟಲಲ್ಲಿ ಮುಳ್ಳಾಗಿ ಕೂತಿದ್ದ ಮಾತು ಆಗ ಹೊರಬಂತು.

“ನಾನು ತುಂಬಿದೆ.”

ಇಬ್ಬರೂ ಅವಳ ಮುಖ ನೋಡಿದರು.

“ಬ್ಲಡ್ ಬ್ಯಾಂಕಿನ ಹಾಲ್‌ನಲ್ಲಿ ನಾವು ಹತ್ತು ಜನ ಇದ್ವಿ. ನನ್ನ ತಮ್ಮ ಹಾಳೆ ಹಿಡ್ಕೊಂಡು ನಿಂತೇ ಇದ್ದ. ‘ಅಕ್ಕ, ನಾನು ಬೇಡ, ಬೇರೆಯವರನ್ನ ನೋಡು’ ಅಂದ. ‘ಸೂಜಿಗೆ ಹೆದರ್ತೀಯೇನೋ, ಗಂಡಸೇ?’ ಅಂತ ನಾನು ಅಂದೆ. ಎಲ್ಲ ನಕ್ಕರು. ಅವನೂ ನಗೋಕೆ ನೋಡಿದ. ನಾನೇ ಪೆನ್ನು ಕಿತ್ಕೊಂಡು ಮೇಲಿಂದ ಕೆಳಗಿನವರೆಗೂ ‘ಇಲ್ಲ, ಇಲ್ಲ, ಇಲ್ಲ’ ಅಂತ ಎಳೆದುಬಿಟ್ಟೆ. ಸೈನು ಮಾತ್ರ ಅವನದು. ಅವನಿಗೆ ಏನೋ ಅನುಮಾನ ಇತ್ತು ಡಾಕ್ಟ್ರಮ್ಮ. ಹತ್ತು ಜನರೆದುರು, ಅದೂ ಒಡಹುಟ್ಟಿದವಳ ಮುಂದೆ, ಬಾಯಿ ಬಿಟ್ಟು ಹೇಳೋಕಾಗುತ್ತಾ?”

ಚಿಕ್ಕವಳು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು. ತುಂಬ ಹೊತ್ತು ಅದು ನಿಲ್ಲಲಿಲ್ಲ.

ಡಾಕ್ಟರು ಮೆಲ್ಲಗೆ ಹೇಳಿದರು: “ಸೋಂಕು ತಗುಲಿದ ಹೊಸತರಲ್ಲಿ ಕೆಲವು ದಿನ, ಕೆಲವು ವಾರ ಅದು ಪರೀಕ್ಷೆಯ ಕಣ್ಣಿಗೂ ಬೀಳದೆ ಇರಬಹುದು. ಆಗ ನಮಗೆ ಉಳಿಯೋದು ದಾನಿಯ ಬಾಯಿಂದ ಬರೋ ನಿಜ ಒಂದೇ. ಅದನ್ನ ಸಂತೆಯಲ್ಲಿ ಕೇಳಿದ ಹಾಗೆ ಕೇಳಿದ್ದು ನಮ್ಮ ತಪ್ಪು. ಒಬ್ಬರನ್ನೇ ಕೋಣೆಗೆ ಕರೆದು ಕೇಳಬೇಕಿತ್ತು. ಇಷ್ಟು ವರ್ಷ ಅಲ್ಲೇ ಕೂತಿದ್ದೀನಿ, ಪೆನ್ನು ಯಾರ ಕೈಲಿದೆ ಅಂತ ನಾನೂ ನೋಡಲಿಲ್ಲ.”

ಚಿಕ್ಕವಳು ಒದ್ದೆ ಮುಖದಲ್ಲೇ ಬಂದು ನಿಂತಳು.

“ಅಕ್ಕನಿಗೆ ಗೊತ್ತಿತ್ತಾ?”

“ಇಲ್ಲ.”

“ಮಾವನ ಮೇಲೆ ಎಲ್ಲ ಹಾಕಿ ಮನೆ ಬಾಗಿಲು ಮುಚ್ಚಿದ್ಯಲ್ಲಮ್ಮ. ಅವನು ಒಂದು ಸಲಾನಾದ್ರೂ ನಿನ್ನ ಹೆಸರೆತ್ತಲಿಲ್ಲ.”

“ಅದೇ ಕಣೇ ನನ್ನನ್ನ ಸುಡ್ತಿರೋದು.” ಟೈಲರಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಬದುಕಿದ್ದಾನಾ ಅವನು? ಚೆನ್ನಾಗಿದ್ದಾನಾ?”

“ಮಾತ್ರೆ ತಪ್ಪಿಸಲ್ಲ. ಏಣಿ ಹತ್ತಿ ಬೋರ್ಡು ಬರೀತಾನೆ. ಒಬ್ಬನೇ ಊಟ ಮಾಡ್ತಾನೆ.”

ಈ ಕೊನೆಯ ಮಾತಿಗೆ ಟೈಲರಮ್ಮ ಅತ್ತಳು. ಮಗಳು ಬಂದು ಹೆಗಲು ಹಿಡಿಯಲಿಲ್ಲ. ಹಿಡಿಯಬೇಕೆಂದು ಕೈ ಎತ್ತಿದಳು, ಆಗಲಿಲ್ಲ.

“ಇವತ್ತೇ ಕ್ಷಮಿಸಿದೆ ಅಂತ ಹೇಳೋಕೆ ನನ್ನಿಂದ ಆಗಲ್ಲಮ್ಮ.”

“ಕ್ಷಮಿಸು ಅಂತ ಯಾರು ಕೇಳಿದ್ರು? ಹೋಗು ಅಂತ ಹೇಳ್ತಿದೀನಿ. ಹೋಗಿ ಕಲಿತು ಬಾ. ಹೊರಗಿನವರಿಗೆ ನಮ್ಮ ಹಾಳೆ ಓದೋಕೆ ಬರುತ್ತೆ, ನಮ್ಮ ನಾಚಿಕೆ ಓದೋಕೆ ಬರಲ್ಲ. ನಿನಗೆ ಬರುತ್ತೆ. ನಾನು ಹೇಳಿದ್ದನ್ನ ಬರ್ಕೋ. ಬೇಕಾದ್ರೆ ನನ್ನ ಹೆಸರನ್ನೂ ಬರಿ.”

“ಸಂಶೋಧನೆಯಲ್ಲಿ ಹೆಸರು ಬರೆಯಲ್ಲಮ್ಮ” ಎಂದರು ಡಾಕ್ಟರು. “ಯಾರ ಗುಟ್ಟೂ ಹೊರಗೆ ಹೋಗಲ್ಲ.”

ಸೋಮವಾರ ಬೆಳಗ್ಗೆ ಉತ್ತರ ಹೋಯಿತು. ತಿಂಗಳಾದ ಮೇಲೆ ಚಿಕ್ಕವಳು ಬಸ್ಸು ಹತ್ತಿದಳು. ಟೈಲರಮ್ಮ ನಿಲ್ದಾಣದಿಂದ ಮನೆಗೆ ಹೋಗಲಿಲ್ಲ. ತಮ್ಮನ ಬೀದಿಗೆ ತಿರುಗಿದಳು. ಅವನು ಬಾಗಿಲು ತೆರೆದ. ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ಹೊಸ್ತಿಲ ಮೇಲೆಯೇ ಕುಳಿತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ರಕ್ತ ಕೊಡಲು ಬಂದವರನ್ನು ಒತ್ತಾಯಿಸಬೇಡಿ, ಅವರ ಪರವಾಗಿ ಉತ್ತರಿಸಬೇಡಿ. ಅನುಮಾನ ಇದ್ದವರು “ನಾನು ಇವತ್ತು ಕೊಡಲಾರೆ” ಎಂದರೆ ನಗಬೇಡಿ. ಅವರು ಒಂದು ಜೀವ ಉಳಿಸಿದ್ದಾರೆ. ಎಚ್‌ಐವಿ ಇದ್ದವರ ಜೊತೆ ಕೂತು ಉಂಡರೆ ಅದು ಅಂಟುವುದಿಲ್ಲ. ಬೇಗ ಪರೀಕ್ಷಿಸಿಕೊಂಡು, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸದಿದ್ದರೆ ಅವರೂ ಬಹುಕಾಲ ಬದುಕುತ್ತಾರೆ. ನಿಮ್ಮ ಮನೆಯ ಮಗಳೋ ಮಗನೋ ರಕ್ತದ ವಿಜ್ಞಾನ ಕಲಿಯುತ್ತೇನೆಂದರೆ ಹೆದರಿ ತಡೆಯಬೇಡಿ. ಕಲಿತು ಬಂದು ಅವರು ನಿಮ್ಮ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದರೆ, ನಿಜ ಹೇಳಿ. ಟೈಲರಮ್ಮನ ಹಾಗೆ ತಡವಾಗಿ ಅಲ್ಲ, ಕೇಳಿದ ದಿನವೇ ಹೇಳಿ.